ಒಲೆ ಮುಂದಿನ ಸಿನಿಮಾ

ನಮ್ಮ ಶಾಲೆಯಲ್ಲಿ ಮೊನ್ನೆ ಪೋಷಕರ ಸಭೆ ನಡೆಯಿತು. ಬಂದವರಲ್ಲಿ ಮುಕ್ಕಾಲು ಪಾಲು ತಾಯಂದಿರು. ಅಪ್ಪಂದಿರಿಗೆ ಪುರುಸೊತ್ತೆಲ್ಲಿ? ಅತಿಥಿಗಳಾಗಿ ಬಂದಿದ್ದ ಮಹನೀಯರೊಬ್ಬರು ಮೈಕು ಹಿಡಿದು, "ಅಮ್ಮಂದಿರು ಮೊಬೈಲು ಕೆಳಗಿಟ್ಟರೆ ಸಾಕು, ಮಕ್ಕಳು ತಾವಾಗಿ ಪುಸ್ತಕ ಕೈಗೆತ್ತಿಕೊಳ್ಳುತ್ತಾರೆ" ಎಂದರು. ದೊಡ್ಡ ಚಪ್ಪಾಳೆ ಬಿತ್ತು. ಭಾಷಣ ಮುಗಿಯುವುದರೊಳಗೆ ಅವರ ಜೇಬಿನ ಮೊಬೈಲು ಎರಡು ಸಲ ಹಾಡಿತು. ಎರಡನೆಯ ಸಲ ವೇದಿಕೆಯ ಮೇಲೇ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದರು. ಯಾರೂ ಏನೂ ಅಂದುಕೊಳ್ಳಲಿಲ್ಲ. ಗಂಡಸರ ಮೊಬೈಲು ಕೆಲಸಕ್ಕೆ, ಹೆಂಗಸರದು ಹಾಳಾಗಲಿಕ್ಕೆ ಎಂದು ನಾವೆಲ್ಲ ಒಪ್ಪಿಕೊಂಡು ಆಗಲೇ ಎಷ್ಟೋ ಕಾಲವಾಗಿದೆಯಲ್ಲ! ನಾನೂ ಚಪ್ಪಾಳೆ ತಟ್ಟಿದೆ. ತಟ್ಟಿದ ಕೈ ಮನೆಗೆ ಬಂದ ಮೇಲೂ ಉರಿಯುತ್ತಿತ್ತು.

ನನ್ನ ತವರು ತಿರುಮಕೂಡಲು ನರಸೀಪುರದ ಕಡೆ. ನಾನು ಚಿಕ್ಕವಳಿದ್ದಾಗ ಮನೆಯಲ್ಲೊಂದು ರೇಡಿಯೋ ಇತ್ತು. ಆಗೆಲ್ಲ ರೇಡಿಯೋ ಇಟ್ಟುಕೊಳ್ಳಲಿಕ್ಕೂ ಲೈಸೆನ್ಸು ಬೇಕಿತ್ತು. ಅಪ್ಪ ವರ್ಷ ವರ್ಷ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ ಬರುತ್ತಿದ್ದರು. ಲೈಸೆನ್ಸು ಅಪ್ಪನ ಹೆಸರಿನಲ್ಲಿ, ರೇಡಿಯೋ ನಡುಮನೆಯ ಎತ್ತರದ ಗೂಡಿನಲ್ಲಿ. ಮಕ್ಕಳ ಕೈಗೆ ಸಿಗಬಾರದೆಂದು ಅಷ್ಟು ಎತ್ತರಕ್ಕೆ ಇಟ್ಟಿದ್ದು. ಆದರೆ ನಮ್ಮವ್ವನೂ ಗಿಡ್ಡ. ಅಪ್ಪ ಹಾಕಿಟ್ಟ ಕೃಷಿ ಕಾರ್ಯಕ್ರಮವನ್ನೂ ವಾರ್ತೆಯನ್ನೂ ಅವಳು ಅಡುಗೆಮನೆಯಿಂದಲೇ ಕೇಳುತ್ತಿದ್ದಳು. ಮಧ್ಯಾಹ್ನ ಮಹಿಳೆಯರ ಕಾರ್ಯಕ್ರಮ ಬರುವ ಹೊತ್ತಿಗೆ ಅಪ್ಪ ಹೊಲದಲ್ಲಿರುತ್ತಿದ್ದರು. ಅವ್ವ ಕೊಳಗ ಬೋರಲು ಹಾಕಿ, ಅದರ ಮೇಲೆ ಹತ್ತಿ ನಿಂತು ಗುಂಡಿ ತಿರುಗಿಸುತ್ತಿದ್ದಳು. ಸಂಜೆ ಅಪ್ಪ ಬಂದು ನೋಡಿದರೆ ಮುಳ್ಳು ಒಂದು ಎಳೆ ಆಚೀಚೆ ಆಗಿರುತ್ತಿತ್ತು. "ಸ್ಟೇಷನ್ ಕೆಡಿಸಿಬಿಟ್ಯಾ?" ಎಂದು ಗದರುತ್ತಿದ್ದರು. 1935ರಲ್ಲಿ ನಮ್ಮ ಮೈಸೂರಿನಲ್ಲೇ ಎಂ. ವಿ. ಗೋಪಾಲಸ್ವಾಮಿಯವರು ಸ್ವಂತ ಮನೆಯಲ್ಲಿ ಬಾನುಲಿ ಕೇಂದ್ರ ತೆರೆದರು. ಅದಕ್ಕೆ ಇದ್ದ ಆಕಾಶವಾಣಿ ಎಂಬ ಹೆಸರೇ ಆಮೇಲೆ ದೇಶದ ರೇಡಿಯೋಗೆಲ್ಲ ಆಯಿತು. ಶಾಲೆಯಲ್ಲಿ ನಾನು ಇದನ್ನು ಹೆಮ್ಮೆಯಿಂದಲೇ ಪಾಠ ಮಾಡುತ್ತೇನೆ. ಆಕಾಶದಿಂದ ಮನೆಯವರೆಗೆ ಬಂದ ವಾಣಿ ಗೂಡಿನಿಂದ ಕೆಳಗಿಳಿಯಲಿಕ್ಕೆ ಮಾತ್ರ ಕೊಳಗ ಬೇಕಾಗಿತ್ತು ಎನ್ನುವುದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಮದುವೆಯಾಗಿ ಸುತ್ತೂರಿಗೆ ಬಂದಾಗ ಮಾವನವರ ಮನೆಯಲ್ಲಿ ಟಿ.ವಿ. ಆಗಲೇ ಇತ್ತು. 1988ರಲ್ಲಿ ಮಹಾಭಾರತ ಶುರುವಾದಾಗ ತಂದದ್ದಂತೆ. ಮಿಕ್ಸಿ ಇರಲಿಲ್ಲ. ಬೆಳಿಗ್ಗೆ ಒರಳುಕಲ್ಲಿನಲ್ಲಿ ಚಟ್ನಿ ರುಬ್ಬಿ, ಕೈ ತೊಳೆದು ನಾನು ಶಾಲೆಗೆ ಓಡುತ್ತಿದ್ದೆ. ಮಿಕ್ಸಿ ಯಾಕಿಲ್ಲ ಎಂದು ಕೇಳಿದ್ದಕ್ಕೆ ಮಾವನವರು, "ಕಲ್ಲಲ್ಲಿ ರುಬ್ಬಿದ ರುಚಿ ಅದರಲ್ಲಿ ಬರಲ್ಲ ಕಣವ್ವ" ಎಂದರು. ನಾಟಕ ನೋಡಿದ ರುಚಿ ಟಿ.ವಿ.ಯಲ್ಲಿ ಬರುತ್ತದೆಯೇ ಎಂದು ತಿರುಗಿ ಕೇಳುವ ಬುದ್ಧಿ ಆಗ ನನಗೆ ಹೊಳೆಯಲಿಲ್ಲ, ಧೈರ್ಯವೂ ಇರಲಿಲ್ಲ. ಕೊನೆಗೆ ನನ್ನ ಸಂಬಳದಲ್ಲೇ ಮಿಕ್ಸಿ ಬಂತು. ನಮ್ಮ ದೇಶದ ಮಿಕ್ಸಿಯ ಕಥೆಯೂ ಹೀಗೇ ಒಬ್ಬ ಹೆಂಗಸಿನಿಂದ ಶುರುವಾದದ್ದು. 1960ರ ದಶಕದಲ್ಲಿ ಮುಂಬಯಿಯ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲಿ ಹೆಂಡತಿ ಬಳಸುತ್ತಿದ್ದ ಹೊರದೇಶದ ಯಂತ್ರ ನಮ್ಮ ರುಬ್ಬುವಿಕೆ ತಾಳಲಾರದೆ ಸುಟ್ಟುಹೋಯಿತಂತೆ. ಅದರಿಂದಲೇ ಸುಮೀತ್ ಮಿಕ್ಸಿ ಹುಟ್ಟಿತು. ಆ ಮನೆಯಲ್ಲಿ ಯಾರೂ ಕಲ್ಲಿನ ರುಚಿಯ ಮಾತೆತ್ತದೆ ಇದ್ದದ್ದು ನಮ್ಮೆಲ್ಲರ ಪುಣ್ಯ.

ಇನ್ನು ವಿ.ಸಿ.ಪಿ. ಕಾಲ. ಹಬ್ಬಕ್ಕೋ ಮದುವೆಗೋ ಹುಡುಗರು ನಂಜನಗೂಡಿನಿಂದ ಬಾಡಿಗೆಗೆ ತರುತ್ತಿದ್ದರು. ಒಂದು ರಾತ್ರಿಗೆ ಮೂರು ಸಿನಿಮಾ. ಯಾವ ಕ್ಯಾಸೆಟ್ಟು ಎಂದು ಆರಿಸುವವರು ಅವರು, ಮಧ್ಯದಲ್ಲಿ ಎದ್ದು ಟೀ ಕಾಯಿಸುವವರು ನಾವು. ಅದನ್ನು ಬೆಳೆಸುವುದಿಲ್ಲ, ನಿಮ್ಮಲ್ಲಿ ಎಷ್ಟೋ ಜನ ಆ ಟೀ ಕಾಯಿಸಿದವರೇ.

ನಾನು ಹೇಳಬೇಕೆಂದಿರುವುದು ಕೈಯಲ್ಲಿ ಹಿಡಿದು ನೋಡುವ ಯಂತ್ರದ ವಿಷಯ. ಸುಮಾರು 2006ರಲ್ಲಿ, ಗೌರಿ ಹಬ್ಬಕ್ಕೆ ಬಂದ ನಮ್ಮ ನೆಂಟರ ಹುಡುಗನೊಬ್ಬ ಹೊರದೇಶದಿಂದ ಪುಟ್ಟ ಡಿ.ವಿ.ಡಿ. ಪ್ಲೇಯರ್ ತಂದಿದ್ದ. ಪುಸ್ತಕದ ಹಾಗೆ ತೆರೆದರೆ ಒಳಗೆ ಅಂಗೈಯಗಲದ ಪರದೆ. ಜಗಲಿಯ ಮೇಲೆ ಗಂಡಸರೆಲ್ಲ ಮುತ್ತಿಕೊಂಡರು. ನನ್ನ ಮೈದುನ, "ಇದೇನು ಮಹಾ, ಬ್ಯಾಟರಿ ಎರಡೂವರೆ ಗಂಟೆಗೆ ಸತ್ತೋಗುತ್ತೆ" ಎಂದ. ಹುಡುಗ, ಐಪಾಡಿನಲ್ಲೂ ಈಗ ಸಿನಿಮಾ ಬರುತ್ತದೆ, ಆದರೆ ಪರದೆ ಚಿಕ್ಕದು ಎಂದ. ಬ್ಯಾಟರಿ ಹೆಚ್ಚೋ ಪರದೆ ಹೆಚ್ಚೋ ಎಂದು ಒಬ್ಬಟ್ಟು ಆರುವವರೆಗೆ ಚರ್ಚೆಯಾಯಿತು. ಇಂಥ ಚರ್ಚೆ ಇಂದಿಗೂ ನಿಂತಿಲ್ಲ. ನಮ್ಮೂರ ಬಸ್ ನಿಲ್ದಾಣದಲ್ಲಿ ಕೂತರೆ ಯಾವ ಮೊಬೈಲಿಗೆ ಎಷ್ಟು ಜಿಬಿ, ಯಾವ ಕ್ಯಾಮೆರಾ ಮೇಲು ಎಂಬ ವಾದವೇ ಕಿವಿಗೆ ಬೀಳುತ್ತದೆ. ಆ ಹೊತ್ತಿನಲ್ಲಿ ನಮ್ಮತ್ತೆ ಹೊಸಿಲಿನಾಚೆ ನಿಂತು ಒಂದೇ ಮಾತು ಕೇಳಿದರು: "ಅದ ಒಳಕ್ಕೆ ತತ್ತೀಯೇನಪ್ಪಾ? ಒಲೆ ಮುಂದೆ ಇಟ್ಕಂಡು ನಾನೂ ಒಂದೀಟು ನೋಡ್ತೀನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಯೋಚಿಸಿ ನೋಡಿ, ಎತ್ತಿಕೊಂಡು ಓಡಾಡಬಹುದಾದ ಯಂತ್ರಕ್ಕೆ ಅದಕ್ಕಿಂತ ಸರಿಯಾದ ಉಪಯೋಗ ಇನ್ನೇನಿದೆ? ಜಗಲಿಯಲ್ಲಿ ಕೂತವನಿಗೆ ನಡುಮನೆಯ ಟಿ.ವಿ. ಸಾಕು, ಅವನು ಎದ್ದು ಹೋಗಬಹುದು. ಒಲೆ ಬಿಟ್ಟು ಏಳಲಾಗದವಳ ಹತ್ತಿರಕ್ಕೆ ಯಂತ್ರವೇ ಬರಬೇಕು. ಸೋನಿ ಕಂಪನಿಯವರು 1979ರಲ್ಲಿ ವಾಕ್‌ಮನ್ ಮಾಡಿದಾಗ ಒಬ್ಬರೇ ಕೇಳುವುದು ಅಸಭ್ಯವಾದೀತೆಂದು ಮೊದಲ ಮಾದರಿಗೆ ಇಬ್ಬರು ಕೇಳುವ ಹಾಗೆ ಎರಡು ತೂತು ಇಟ್ಟಿದ್ದರು. 1982ರಲ್ಲಿ ಅವರೇ ಅಂಗೈ ಟಿ.ವಿ. ತಂದರು. ವಾಕ್‌ಮನ್, ವಾಚ್‌ಮನ್, ಎರಡು ಹೆಸರಿನಲ್ಲೂ ಇರುವವನು ಮನುಷ್ಯನೋ ಗಂಡಸೋ, ಇಂಗ್ಲಿಷ್ ಮೇಷ್ಟರನ್ನು ಕೇಳಬೇಕು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್ನೆಟ್ಟು ಅಗ್ಗವಾಯಿತು. ನನ್ನ ಹಳೆಯ ಮೊಬೈಲು ಅತ್ತೆಯ ಕೈಗೆ ಹೋಯಿತು. ಅವರು ಮದುವೆಯಾಗಿ ಬಂದ ಹೊಸದರಲ್ಲಿ ಟೆಂಟಿನಲ್ಲಿ ರಾಜ್‌ಕುಮಾರ್ ಅವರ 'ಸತ್ಯ ಹರಿಶ್ಚಂದ್ರ' ನೋಡಲು ಹೋಗಿದ್ದರಂತೆ. ಅದು 1965ರ ಚಿತ್ರ. ಇಂಟರ್‌ವಲ್ ಹೊತ್ತಿಗೆ ಮನೆಯಿಂದ ಆಳು ಬಂದ. ನೆಂಟರು ಬಂದಿದ್ದಾರೆ, ಅಡುಗೆಯಾಗಬೇಕು. ಅರ್ಧಕ್ಕೆ ಎದ್ದು ಬಂದರು. ಉಳಿದರ್ಧವನ್ನು ಅವರು ನೋಡಿದ್ದು 2018ರಲ್ಲಿ, ಅಕ್ಕಿ ಡಬ್ಬಕ್ಕೆ ಮೊಬೈಲು ಒರಗಿಸಿಟ್ಟುಕೊಂಡು, ಕಾಳು ಬಿಡಿಸುತ್ತಾ. ಸ್ಮಶಾನದ ದೃಶ್ಯದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಕಥೆ ಗೊತ್ತಿತ್ತು ಕಣವ್ವ, ಆದರೂ ನೋಡಿರಲಿಲ್ವಲ್ಲ" ಎಂದರು. ಐವತ್ತಮೂರು ವರ್ಷದ ಇಂಟರ್‌ವಲ್!

ಅವತ್ತು ಸಾರು ತಳ ಹಿಡಿಯಿತು, ನಿಜ. "ಈ ವಯಸ್ಸಲ್ಲಿ ಮುದುಕಿಗೂ ಮೊಬೈಲ್ ಹುಚ್ಚು ಹಿಡೀತು" ಎಂಬ ಮಾತು ಊಟದ ಎಲೆಯ ಮುಂದೆಯೇ ಬಂತು. ಹೇಳಿದವರು ಕ್ರಿಕೆಟ್ ನೋಡುತ್ತಾ ಉಣ್ಣುತ್ತಿದ್ದರು.

ಇದೇ ನನ್ನ ತಕರಾರು. ರೇಡಿಯೋ, ಟಿ.ವಿ., ವಿ.ಸಿ.ಪಿ. ಎಲ್ಲ ಬಂದಾಗಲೂ ಇಂಥ ಮಾತು ಇದ್ದವು. ಆದರೆ ಈ ಮಟ್ಟದ ಗಾಬರಿ ಶುರುವಾದದ್ದು ಯಂತ್ರ ಹೆಂಗಸಿನ ಅಂಗೈಗೆ ಬಂದ ಮೇಲೆ. ಅದೂ ಎಷ್ಟು ಜನರ ಅಂಗೈಗೆ? ಕೇಂದ್ರ ಸರ್ಕಾರದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾನೇ ಬಳಸುವ ಮೊಬೈಲು ಇರುವ ಹೆಂಗಸರು 2015-16ರಲ್ಲಿ ನೂರಕ್ಕೆ ಸುಮಾರು 46, 2019-21ರಲ್ಲಿ ಸುಮಾರು 54. ಅರ್ಧ ಜನಕ್ಕೆ ಸಿಗುವಷ್ಟರಲ್ಲೇ ಸಂಸಾರ ಮುಳುಗಿತೆಂದು ಡಂಗುರ! 2019ರ ಜುಲೈನಲ್ಲಿ ಗುಜರಾತಿನ ಬನಾಸಕಾಂಠಾ ಜಿಲ್ಲೆಯ 12 ಹಳ್ಳಿಗಳಲ್ಲಿ ಒಂದು ಸಮುದಾಯದ ಮುಖಂಡರು ಮದುವೆಯಾಗದ ಹೆಣ್ಣುಮಕ್ಕಳು ಮೊಬೈಲು ಇಟ್ಟುಕೊಳ್ಳಕೂಡದೆಂದು ಕಟ್ಟಳೆ ಮಾಡಿದರು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಲ್ಲಿಸಲಿಕ್ಕೆ 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯ್ದೆ ಮಾಡಬೇಕಾಯಿತು. ಮೊಬೈಲಿನಲ್ಲಿ ಜೂಜಾಡಿ ಸಾಲ ಮಾಡಿಕೊಂಡವರಲ್ಲಿ ರಂಗೋಲಿ ವಿಡಿಯೋ ನೋಡುವ ಹೆಂಗಸು ಒಬ್ಬಳೂ ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೂ ಗಂಡುಮಕ್ಕಳು ಮೊಬೈಲು ಮುಟ್ಟಬಾರದೆಂದು ಕಟ್ಟಳೆ ಮಾಡಿದ ಊರಿನ ಹೆಸರನ್ನು ನಾನಂತೂ ಕೇಳಿಲ್ಲ.

ಮಕ್ಕಳ ವಿಷಯ ಬೇರೆ, ಅದರಲ್ಲಿ ನನಗೆ ತಕರಾರಿಲ್ಲ. ಒಂದು ವರ್ಷದೊಳಗಿನ ಕೂಸಿಗೆ ಪರದೆ ತೋರಿಸಲೇಬಾರದು, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ತರಗತಿಯಲ್ಲಿ ತೂಕಡಿಸುವ ಹುಡುಗರನ್ನು ದಿನಾ ನೋಡುವ ನಾನು ಅದಕ್ಕೆ ಎರಡು ಕೈ ಎತ್ತುತ್ತೇನೆ. ಆದರೆ ಮಗುವಿಗೆ ಮೊಬೈಲು ಕೊಟ್ಟು ತುತ್ತು ತಿನ್ನಿಸುವ ತಾಯಿಯನ್ನು ಬೈಯುವ ಮೊದಲು, ಆ ಹೊತ್ತಿನಲ್ಲಿ ಮಗುವನ್ನು ಎತ್ತಿಕೊಳ್ಳಬಹುದಾಗಿದ್ದ ಇನ್ನೊಂದು ಜೊತೆ ಕೈ ಆ ಮನೆಯಲ್ಲಿ ಏನು ಮಾಡುತ್ತಿತ್ತು ಎಂದೂ ಕೇಳಬೇಕಲ್ಲವೇ?

ನಮ್ಮಂಥ ಓದಿದ ಹೆಂಗಸರು ಇನ್ನೊಂದು ಜಾಣತನ ಮಾಡುತ್ತೇವೆ. ಮೊಬೈಲಿನಿಂದ ಹೊಲಿಗೆ ಕಲಿಯಬಹುದು, ಬ್ಯಾಂಕಿನ ಕೆಲಸ ಮಾಡಬಹುದು, ಜ್ಞಾನ ಬೆಳೆಯುತ್ತದೆ ಎಂದು ವಾದಿಸುತ್ತೇವೆ. ಅಂದರೆ ಹೆಂಗಸಿಗೆ ಉಪಯೋಗಕ್ಕಾದರೆ ಸರಿ, ಸುಮ್ಮನೆ ಖುಷಿಗಾದರೆ ತಪ್ಪು! ಅರಳಿಕಟ್ಟೆಯ ಮೇಲೆ ಹಗಲಿಡೀ ಹಾಸುಗಲ್ಲು ಕಾಯಿಸುವವರಿಂದ ಯಾರೂ ಜ್ಞಾನದ ಲೆಕ್ಕ ಕೇಳಿದ್ದಿಲ್ಲ. 2023ರ ಆಗಸ್ಟಿನಲ್ಲಿ ಮೈಸೂರಿನಲ್ಲೇ ಗೃಹಲಕ್ಷ್ಮಿ ಯೋಜನೆ ಶುರುವಾಗಿ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಎಂದಾದಾಗ, "ಇನ್ನೇನು, ಎಲ್ಲ ರೀಚಾರ್ಜಿಗೇ ಹೋಗುತ್ತೆ" ಎಂದು ನಗೆಯಾಡಿದವರನ್ನು ಕೇಳಿದ್ದೇನೆ. ಹೋಗಲಿ ಬಿಡಿ. ಬೀಡಿಗೆ ಹೋಗುವ ದುಡ್ಡಿಗೆ ರಸೀತಿ ಯಾರಿಟ್ಟಿದ್ದಾರೆ?

ಇಷ್ಟೆಲ್ಲ ಖಾರವಾಗಿ ಬರೆಯುತ್ತಿರುವ ನಾನು ಮಾಡಿದ್ದನ್ನೂ ಹೇಳಬೇಕು.

2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ಪಾಠವೆಲ್ಲ ವಾಟ್ಸಾಪಿಗೂ ಚಂದನ ವಾಹಿನಿಗೂ ಹೋಯಿತು. ನಾವೇ ಮನೆಮನೆಗೆ ಹೇಳಿ ಕಳಿಸಿದೆವು, ಮಕ್ಕಳಿಗೆ ಮೊಬೈಲು ಕೊಡಿಸಿ ಎಂದು. ನನ್ನ ತರಗತಿಯ ಹುಡುಗಿಯೊಬ್ಬಳ ಮನೆಯಲ್ಲಿ ಕುರಿ ಮಾರಿ ಕೊಡಿಸಿದರು. ಶಾಲೆ ತೆರೆದು, ಅವಳು ಹತ್ತನೆಯ ತರಗತಿಗೆ ಬಂದಾಗ ಒಂದು ದಿನ ಚೀಲದಲ್ಲಿ ಆ ಮೊಬೈಲು ಸಿಕ್ಕಿತು. ಊಟದ ಬಿಡುವಿನಲ್ಲಿ ಗೋಡೆಯ ಮರೆಯಲ್ಲಿ ನೋಡುತ್ತಿದ್ದಳು. ನಾನು ಕಿತ್ತುಕೊಂಡೆ. ಅದೇ ವಾರ ಇಬ್ಬರು ಹುಡುಗರ ಮೊಬೈಲನ್ನೂ ಹಿಡಿದಿದ್ದೆ. ಅವರಿಗೆ ಸಂಜೆ ಬೈದು ವಾಪಸು ಕೊಟ್ಟೆ. ಇವಳ ಅಪ್ಪನನ್ನು ಕರೆಸಿ ಅವನ ಕೈಗೇ ಕೊಟ್ಟು, "ಹೆಣ್ಣುಮಗಳು, ಸ್ವಲ್ಪ ಗಮನ ಇಡಿ" ಎಂದೆ. ಹೌದು, ಇವೇ ಮಾತು. ಅವಳು ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾದಳು. ನಂಜನಗೂಡಿಗೆ ಪಿಯುಸಿಗೆ ಕಳಿಸಿ ಎಂದು ಹೇಳಲು ಹೋದಾಗ ಅವರಪ್ಪ, "ನೀವೇ ಹೇಳಿದ್ರಲ್ಲ ಮಿಸ್ಸು, ಗಮನ ಇಡಿ ಅಂತ. ಬಸ್ಸಲ್ಲಿ ಕಳಿಸಿ ಎಲ್ಲಿ ಗಮನ ಇಡೋದು?" ಎಂದ. ಹದಿನೆಂಟು ತುಂಬುತ್ತಲೇ ಮದುವೆಯಾಯಿತು.

ಸುತ್ತೂರು ಜಾತ್ರೆ ನೀವು ನೋಡಿರುತ್ತೀರಿ. ದನಗಳ ಪರಿಷೆ, ಕೃಷಿ ಮೇಳ, ಸಾಮೂಹಿಕ ಮದುವೆ, ಕುಸ್ತಿ, ದಾಸೋಹದ ಸಾಲು. ಕಪಿಲೆಯ ದಡದಲ್ಲಿ ಆರು ದಿನ ಕಾಲಿಡಲು ಜಾಗವಿರುವುದಿಲ್ಲ. ಕಳೆದ ಜಾತ್ರೆಯಲ್ಲಿ ಬಳೆ ಅಂಗಡಿಯ ಹತ್ತಿರ ಯಾರೋ "ಮಿಸ್" ಎಂದು ಕೈ ಹಿಡಿದರು. ಅವಳೇ. ಅತ್ತೆಯ ಜೊತೆ ಬಂದಿದ್ದಳು. ಅತ್ತೆ ಬಳೆ ಆರಿಸುತ್ತಿದ್ದರು. ನನಗೆ ಮಾತು ಹೊರಡಲಿಲ್ಲ. ಏನೋ ಕೇಳಬೇಕಲ್ಲ ಎಂದು, "ಅವತ್ತು ಏನು ನೋಡುತ್ತಿದ್ದೆಯಮ್ಮ?" ಎಂದುಬಿಟ್ಟೆ.

"ಹಾಡು ನೋಡ್ತಿದ್ದೆ ಮಿಸ್. ಪಾಠ ಅಂತ ಸುಳ್ಳು ಹೇಳಲ್ಲ" ಎಂದು ನಕ್ಕಳು.

ನಿನ್ನ ನಂಬರು ಕೊಡು ಎಂದೆ. ಫೋನು ತನ್ನ ಹತ್ತಿರ ಇಲ್ಲ, ಮನೆಯಲ್ಲಿ ಒಂದೇ ಇರುವುದು, ಅದು ಅವರ ಹತ್ತಿರ ಇರುತ್ತೆ ಎಂದಳು. ನನ್ನ ಚೀಲದಿಂದ ಪೆನ್ನು ತೆಗೆಸಿ, ನನ್ನ ನಂಬರನ್ನು ಅಂಗೈ ಮೇಲೆ ಬರೆಸಿಕೊಂಡಳು. "ನಾನೇ ಮಾಡ್ತೀನಿ ಮಿಸ್, ನೀವಾಗಿ ಮಾಡ್ಬೇಡಿ." ಅಷ್ಟರಲ್ಲಿ ಅವಳ ಅತ್ತೆ ಕೂಗಿದರು. ಬಳೆಗಾರ ಅದೇ ಕೈಯನ್ನು ಮುಂದಕ್ಕೆ ಎಳೆದುಕೊಂಡು ಬಳೆ ಏರಿಸತೊಡಗಿದ.