ಅಂಗಡಿ–ಮನೆ ಜಗಳದಲ್ಲಿ ಕೂಸು ಬಡವಾಯ್ತು

ಜನವರಿ ಬಂತೆಂದರೆ ಸಾಲಿಗ್ರಾಮದಲ್ಲಿ ಗುರುನರಸಿಂಹ ದೇವರ ಹಬ್ಬ. ಅದರ ಹಿಂದೆ ಮುಂದೆ ಶಾಲೆಗಳ ವಾರ್ಷಿಕೋತ್ಸವ, ಸುತ್ತಲಿನ ಊರುಗಳ ಜಾತ್ರೆ, ಮದುವೆ, ಗೃಹಪ್ರವೇಶ. ಮಕ್ಕಳಿಗೆ ಹೊಸ ಬಟ್ಟೆ ತೆಗೆಯುವ ಕಾಲ. ಹೊಸ ಬಟ್ಟೆಯ ಜತೆಗೇ ಹಳೆಯ ಜಗಳವೊಂದು ವರ್ಷ ವರ್ಷವೂ ಹೊರಗೆ ಬರುತ್ತದೆ.

"ಇದೆಂಥ ಅಂಗಿ ಮಾರಾಯ್ರೆ, ಇಷ್ಟು ಸಣ್ಣ ಹೆಣ್ಣ್ ಮಗುವಿಗೆ?" ಎಂದು ಪೇಟೆಯಲ್ಲಿ ಒಬ್ಬರು ಕೇಳುತ್ತಾರೆ. "ಅಂಗಡಿಯಲ್ಲಿ ಬೇರೆ ಇರ್ಲೇ ಇಲ್ಲ" ಎಂಬುದು ತಾಯಿಯ ಉತ್ತರ. ಅಂಗಡಿಯವರನ್ನು ಕೇಳಿ ನೋಡಿ: "ಗಿರಾಕಿಗಳೇ ಅದನ್ನ್ ಕೇಂತ್ರ್, ನಾವೆಂತ ಮಾಡುಕಾತ್ತ್?" ಇಬ್ಬರೂ ಕೈ ತೊಳೆದುಕೊಂಡರು. ನಡುವೆ ತಲೆ ತಗ್ಗಿಸಿ ನಿಂತದ್ದು ಯಾರು? ಆ ಅಂಗಿಯನ್ನು ಹೊಲಿಯದ, ಮಾರದ, ಕಾಸು ಕೊಟ್ಟು ಕೊಳ್ಳದ ಏಳು ವರ್ಷದ ಮಗು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಸರಿಯಲ್ಲದ ಬಟ್ಟೆ ಎಂದರೆ ಯಾವುದು?

ಮೊದಲು ಇದೊಂದು ಇತ್ಯರ್ಥವಾಗಲಿ. ಮೈ ಕಾಣುವುದೇ ತಪ್ಪು ಎಂಬುದು ನಮ್ಮ ವಾದವಲ್ಲ. ಈ ಕರಾವಳಿಯಲ್ಲಿ ಸಣ್ಣ ಮಕ್ಕಳು ಸೊಂಟಕ್ಕೊಂದು ಉಡುದಾರ ಕಟ್ಟಿಕೊಂಡು ಅಂಗಳದಲ್ಲಿ ಆಡಿಕೊಂಡಿದ್ದವು. ಅದನ್ನು ಅಸಭ್ಯ ಎಂದವರಿಲ್ಲ. ನಮ್ಮ ಸೆಖೆಗೆ ತೋಳಿಲ್ಲದ ಹತ್ತಿಯ ಅಂಗಿ, ಮೊಣಕಾಲ ಮೇಲಿನ ಚಡ್ಡಿ ಒಳ್ಳೆಯ ಉಡುಪೇ. ಮಗು ಮಗುವಿನಂತೆ ಕಂಡರೆ ಯಾರಿಗೇನು ತೊಂದರೆ?

ತಕರಾರು ಇರುವುದು ಬೇರೆ ಕಡೆ. ಒಂದು, ದೊಡ್ಡ ಹೆಂಗಸರ ಮೈಕಟ್ಟು ಎತ್ತಿ ತೋರಿಸಲೆಂದೇ ಕತ್ತರಿಸಿದ ಮಾದರಿಯನ್ನು ಅಳತೆ ಮಾತ್ರ ಇಳಿಸಿ ಆರು ವರ್ಷದವಳಿಗೆ ಹೊಲಿಯುವುದು. ಎರಡು, ಎದೆ ಮೇಲೆ ಅಚ್ಚು ಹಾಕಿದ ಇಂಗ್ಲಿಷ್ ಬರಹ. ಮಾರುವವನೂ ಓದಿಲ್ಲ, ಕೊಂಡವನೂ ಓದಿಲ್ಲ. ಓದಬಲ್ಲ ಮೇಷ್ಟ್ರ ಎದುರಿಗೆ ಹೋದಾಗ ಅದು ಪೋಲಿ ಮಾತೆಂದು ಗೊತ್ತಾಗುತ್ತದೆ. ಇದು ಗಂಡು ಮಕ್ಕಳ ಟೀ ಶರ್ಟಿಗೂ ಅನ್ವಯ. ಮೂರು, ಬೆವರು ಹೀರದ ನೈಲಾನ್, ಚುಚ್ಚುವ ಬಲೆ ಬಟ್ಟೆ, ಉದುರುವ ಚಮಕಿ. ಹಬ್ಬದ ಜನಜಂಗುಳಿಯಲ್ಲಿ ಎರಡು ಗಂಟೆ ಇದನ್ನು ತೊಟ್ಟ ಮಗುವಿನ ಕುತ್ತಿಗೆ ಕಂಕುಳು ನೋಡಿ, ಕೆಂಪಗೆ ಬೆವರುಸಾಲೆ ಎದ್ದಿರುತ್ತದೆ. ಕೂರಲು ಆಗದ, ಓಡಲು ಆಗದ, ಕೈ ಎತ್ತಲು ಆಗದ ಬಟ್ಟೆ ಮಕ್ಕಳಿಗೆ ಹೇಳಿ ಮಾಡಿಸಿದ್ದು ಖಂಡಿತ ಅಲ್ಲ.

ಟೈಲರ್ ಹೋದ, ರೆಡಿಮೇಡ್ ಬಂತು

ಹಿಂದೆ ಈ ಜಗಳಕ್ಕೆ ಜಾಗವೇ ಇರಲಿಲ್ಲ. ಒಂದೇ ಥಾನಿನಿಂದ ಬಟ್ಟೆ ಹರಿಸಿ ಮನೆಯ ಮಕ್ಕಳಿಗೆಲ್ಲ ಅಂಗಿ, ಲಂಗ ಹೊಲಿಸುತ್ತಿದ್ದರು. ಬ್ಯಾಂಡ್ ಸೆಟ್ಟಿನವರ ಹಾಗೆ ಎಲ್ಲರದೂ ಒಂದೇ ಬಣ್ಣ! ಟೈಲರಿನ ಎದುರು ಮಗುವನ್ನು ನಿಲ್ಲಿಸಿ "ಎರಡಿಂಚು ಉದ್ದ ಬಿಡಿ, ಬೆಳೆಯುವ ಮಕ್ಕಳು" ಎಂದು ತಾಯಿ ಹೇಳಿದರೆ ಮುಗಿಯಿತು. ಕುತ್ತಿಗೆ ಎಷ್ಟು, ತೋಳು ಎಷ್ಟು ಎಂದು ನಿರ್ಧಾರವಾಗುತ್ತಿದ್ದುದು ಆ ಹೊಲಿಗೆ ಮೆಷಿನಿನ ಪಕ್ಕದಲ್ಲೇ. ಹೆಚ್ಚುಕಡಿಮೆಯಾದರೆ ಬಿಚ್ಚಿ ಹೊಲಿಯಲು ಅದೇ ಟೈಲರ್ ಇದ್ದ.

ಈಗ ಆ ತೀರ್ಮಾನ ಊರು ಬಿಟ್ಟು ಹೋಗಿದೆ. ಮಕ್ಕಳ ಸಿದ್ಧ ಉಡುಪಿಗೆ ಕೋಲ್ಕತ್ತದ ಮೆಟಿಯಾಬ್ರೂಜ್ ದೊಡ್ಡ ಕೇಂದ್ರ. ಬನಿಯನ್ ಬಟ್ಟೆಯ ಮಾಲಿಗೆ ತಮಿಳುನಾಡಿನ ತಿರುಪ್ಪೂರು. ಜೀನ್ಸ್ ಎಂದರೆ ನಮ್ಮದೇ ಬಳ್ಳಾರಿ. ಅಲ್ಲಿ ಕತ್ತರಿ ಹಿಡಿದವನಿಗೆ ಸಾಲಿಗ್ರಾಮದ ಸೆಖೆ ಗೊತ್ತಿಲ್ಲ, ನಮ್ಮ ಮಗುವಿನ ಮುಖವೂ ಗೊತ್ತಿಲ್ಲ. ಸಿನಿಮಾದಲ್ಲಿ ನಾಯಕಿ ಏನು ತೊಟ್ಟಳೋ ಅದರ ಸಣ್ಣ ಅಳತೆ ಮುಂದಿನ ಸೀಸನ್ನಿಗೆ ತಯಾರು. ಸಗಟು ವ್ಯಾಪಾರಿ ಬಂಡಲು ಕಟ್ಟಿ ಕಳಿಸುತ್ತಾನೆ. ಹತ್ತು ಒಳ್ಳೆಯದರ ನಡುವೆ ನಾಲ್ಕು ಇಂಥವು.

ಆದ್ದರಿಂದ ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಸಣ್ಣ ಪೇಟೆಯ ಅಂಗಡಿಗೆ ಬಾಡಿಗೆ ಇದೆ, ಕೆಲಸದವರ ಸಂಬಳ ಇದೆ, ಸಗಟಿನವರ ಬಾಕಿ ಇದೆ. ಮೇಲಾಗಿ ಇಂದು ಗಿರಾಕಿ ಮೊಬೈಲಿನಲ್ಲಿ ಬೆರಳು ಒತ್ತಿದರೆ ಬಟ್ಟೆ ಮನೆ ಬಾಗಿಲಿಗೆ ಬರುತ್ತದೆ. ನಾವು ಇಡದಿದ್ದರೆ ಉಡುಪಿಗೆ ಹೋಗುತ್ತಾರೆ, ಕುಂದಾಪುರಕ್ಕೆ ಹೋಗುತ್ತಾರೆ ಎಂಬ ಹೆದರಿಕೆ ಸುಳ್ಳಲ್ಲ.

ಉಳಿದರ್ಧದ ಕಥೆ ಏನು? ಗಾಜಿನ ಕಪಾಟಿನಲ್ಲಿ ಎದುರಿಗೆ ತೂಗುಹಾಕುವುದು ಯಾವುದನ್ನು? ಹತ್ತಿಯ ಫ್ರಾಕು ಒಳಗಿನ ಕಪಾಟಿನ ತಳದಲ್ಲಿ, ಕೇಳಿದವರಿಗೆ ಮಾತ್ರ. ಲಾಭ ಹೆಚ್ಚಿರುವ ಥಳಕಿನ ಮಾಲು ಮಗುವಿನ ಕಣ್ಣಿನ ಎತ್ತರಕ್ಕೆ! ತಾಯಿ ಅನುಮಾನಿಸಿದರೆ "ಈಗ ಎಲ್ಲ ಮಕ್ಕಳೂ ಇದನ್ನೇ ಹಾಕುವುದು ಅಕ್ಕ" ಎಂಬ ಸರ್ಟಿಫಿಕೇಟ್ ಬೇರೆ. ಮನೆಗೆ ಹೋಗಿ ತೊಡಿಸಿ ನೋಡಿ ಬೇಡವೆನಿಸಿದರೆ, ಮಾರಿದ ಮಾಲು ವಾಪಸಿಲ್ಲ ಎಂಬ ಬೋರ್ಡು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಬಿಲ್ಲಿನಲ್ಲಿ ಹೇಳಿಲ್ಲದಿದ್ದರೆ 30 ದಿನದೊಳಗೆ ವಾಪಸು ತೆಗೆದುಕೊಳ್ಳಲೇಬೇಕು. ಆದರೆ ಹೊಲಿಗೆ ಬಿಟ್ಟರೆ ದೋಷ. ಮಗುವಿಗೆ ಒಪ್ಪದ ಮಾದರಿ ದೋಷದ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಅಂಗಡಿಯವರ ಮನಸ್ಸೇ ಕಾನೂನು.

ಕಾಸು ಯಾರ ಕೈಯಲ್ಲಿದೆ?

ಇನ್ನು ತಂದೆ ತಾಯಿಗಳ ಸರದಿ. "ಮಕ್ಕಳು ಹಟ ಮಾಡ್ತಾವೆ" ಎನ್ನುತ್ತೀರಿ. ಮಕ್ಕಳು ಚಾಕುವಿಗೂ ಹಟ ಮಾಡುತ್ತವೆ, ಕೊಡುತ್ತೀರಾ? ಹಬ್ಬದ ಹಿಂದಿನ ಸಂಜೆ ಆರೂವರೆಗೆ ಅಂಗಡಿಗೆ ನುಗ್ಗಿ, ಒಂಬತ್ತು ಗಂಟೆಯ ಬಸ್ಸು ಹಿಡಿಯಬೇಕೆಂಬ ಗಡಿಬಿಡಿಯಲ್ಲಿ ಸಿಕ್ಕಿದ್ದನ್ನು ತುರುಕಿಕೊಂಡು ಬಂದರೆ ಅದು ಅಂಗಡಿಯವನ ತಪ್ಪೇ? ಇನ್ನು ಕೆಲವರ ವಿಷಯ ಹೇಳಲೇಬೇಕು. ಹಟ ಮಗುವಿನದ್ದಲ್ಲ, ಅವರದ್ದೇ. ವಾಟ್ಸಾಪ್ ಸ್ಟೇಟಸ್ಸಿಗೆ ಫೋಟೋ ಬೇಕು, ಪಕ್ಕದ ಮನೆಯವರಿಗಿಂತ ಒಂದು ಕೈ ಮೇಲಾಗಬೇಕು. ಮಗು "ಚುಚ್ತ್ ಅಮ್ಮಾ" ಎಂದು ಅಳುತ್ತಿದ್ದರೂ "ಸ್ವಲ್ಪ ಹೊತ್ತು ಸುಮ್ನಿರು, ಫೋಟೋ ಆಗ್ಲಿ" ಎನ್ನುವ ತಾಯಂದಿರನ್ನು ಯಾವ ಮದುವೆ ಮನೆಯಲ್ಲೂ ಕಾಣಬಹುದು. ಅಪ್ಪಂದಿರಂತೂ ಬಿಲ್ಲು ಕೊಡುವಾಗ ಮಾತ್ರ ಅಂಗಡಿಯೊಳಗೆ ಬರುವವರು!

ಶಾಲೆಗಳೂ ಇದರಲ್ಲಿ ಪಾಲುದಾರರೇ. ವಾರ್ಷಿಕೋತ್ಸವದ ಸಿನಿಮಾ ಹಾಡಿನ ಕುಣಿತಕ್ಕೆ ಬಾಡಿಗೆ ಉಡುಪು ಬರುವುದು ಕಾರ್ಯಕ್ರಮದ ಹಿಂದಿನ ದಿನ. ಪೋಷಕರು ಅದನ್ನು ಮೊದಲು ನೋಡುವುದು ವೇದಿಕೆಯ ಮೇಲೆ. ಟಿ.ವಿ. ಡ್ಯಾನ್ಸ್ ಸ್ಪರ್ಧೆಗಳಲ್ಲಿ ಮಕ್ಕಳಿಂದ ದೊಡ್ಡವರ ಶೃಂಗಾರದ ಕುಣಿತ ಮಾಡಿಸುವುದು ಅತಿಯಾಯಿತೆಂದು 2019ರ ಜೂನ್‌ನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ ಖಾಸಗಿ ಚಾನೆಲ್‌ಗಳಿಗೆ ಎಚ್ಚರಿಕೆಯ ಸಲಹೆ ಕಳಿಸಿತ್ತು. ಟಿ.ವಿ.ಗೆ ಬೇಡವೆಂದದ್ದು ನಮ್ಮ ಶಾಲಾ ಮೈದಾನಕ್ಕೆ ಯಾಕೆ ಬೇಕು?

ವೇಷ ಹಾಕಿಸುವುದೇ ಕೆಟ್ಟದ್ದೆಂದು ಯಾರೂ ತಿಳಿಯಬೇಡಿ. ಮಕ್ಕಳಿಗೆ ವೇಷ ಕಟ್ಟುವುದು ಹೇಗೆಂದು ಬೇರೆಯವರಿಗೆ ಕಲಿಸಿದ ಊರು ಇದು. ಕಾರ್ಕಡ ಶ್ರೀನಿವಾಸ ಉಡುಪರು ಮತ್ತು ಶ್ರೀಧರ ಹಂದೆಯವರು 1975ರಲ್ಲಿ ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳದಲ್ಲಿ ಪುಟ್ಟ ಹುಡುಗರು ಕೇದಗೆ ಮುಂದಲೆ ಕಟ್ಟಿಕೊಂಡು ರಂಗಕ್ಕೆ ಬಂದರು. ಅಲ್ಲಿ ಮಗುವಿಗೆ ತಾನು ಯಾರ ಪಾತ್ರ ಮಾಡುತ್ತಿದ್ದೇನೆ ಎಂಬುದು ಗೊತ್ತು. ಚೌಕಿಯಲ್ಲಿ ಕಟ್ಟಿದ ಗುರುಗಳು ಗೊತ್ತು. ಮಂಗಳ ಹಾಡಿದ ಮೇಲೆ ವೇಷ ಬಿಚ್ಚಿ ಅದು ಮತ್ತೆ ಚಡ್ಡಿಯ ಪೋರ. ಪೇಟೆಯಲ್ಲಿ ತೊಡಿಸುವ ಈ ವೇಷಕ್ಕೆ ಪ್ರಸಂಗವೂ ಇಲ್ಲ, ಹೊಣೆ ಹೊತ್ತ ಭಾಗವತರೂ ಇಲ್ಲ.

ಹೊರಗಿನವರು ಏನು ಮಾಡಿದರು?

ಇದು ನಮ್ಮೊಂದು ಊರಿನ ತಾಪತ್ರಯವಲ್ಲ. 2010ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನಲ್ಲಿ ಪ್ರೈಮಾರ್ಕ್ ಎಂಬ ದೊಡ್ಡ ಅಂಗಡಿ ಸಂಸ್ಥೆ ಏಳು ವರ್ಷದ ಹೆಣ್ಣು ಮಕ್ಕಳಿಗೆ ಒಳಗೆ ಮೆತ್ತೆ ಇಟ್ಟ ಈಜುಡುಗೆ ಮಾರಲು ಹೊರಟಿತು. ಜನ ಬೊಬ್ಬೆ ಹೊಡೆದರು. ಸಂಸ್ಥೆ ಮಾಲನ್ನು ಹಿಂದಕ್ಕೆ ಪಡೆದು ಕ್ಷಮೆ ಕೇಳಿತು. ಮರುವರ್ಷ, 2011ರ ಜೂನ್‌ನಲ್ಲಿ ರೆಗ್ ಬೈಲಿ ಎಂಬವರು ಅಲ್ಲಿನ ಸರಕಾರಕ್ಕೆ ವರದಿ ಕೊಟ್ಟರು. ಅಲ್ಲಿನ ಅಂಗಡಿಗಳ ಒಕ್ಕೂಟವೂ ಮಕ್ಕಳ ಉಡುಪಿನ ಮಾದರಿ, ಬಟ್ಟೆ, ಬರಹ ಹೇಗಿರಬೇಕೆಂದು ತಾನೇ ನಿಯಮ ಬರೆದುಕೊಂಡಿತು. ನಾವು ಗಮನಿಸಬೇಕಾದ್ದು ಏನೆಂದರೆ, ಅಲ್ಲಿ ಪೋಷಕರು ಬೇಡವೆಂದು ಅಂಗಡಿಯವರ ಕಿವಿಗೆ ಬೀಳುವಂತೆ ಹೇಳಿದರು, ಅಂಗಡಿಯವರು ಕೇಳಿಸಿಕೊಂಡರು. ನಮ್ಮಲ್ಲಿ ಒಪ್ಪದ ಬಟ್ಟೆ ಕಂಡರೆ ಮುಖ ಸಿಂಡರಿಸಿ ಹೊರಗೆ ಬರುತ್ತೇವೆ, ಬೈಗುಳವನ್ನು ಮನೆಗೆ ಬಂದು ಬೈಯುತ್ತೇವೆ. ಅಂಗಡಿಯವರಿಗೆ ಗೊತ್ತಾಗುವುದು ಹೇಗೆ?

"ಪೊಲೀಸರು ಎಂತ ಮಾಡ್ತಾರೆ?" ಎಂದು ಕೇಳುವವರೂ ಇದ್ದಾರೆ. ಅಶ್ಲೀಲ ವಸ್ತುವನ್ನು ಮಕ್ಕಳಿಗೆ ಮಾರುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 295ನೇ ಕಲಮಿನಲ್ಲಿ ಶಿಕ್ಷೆ ಇದೆ, ನಿಜ. ಆದರೆ ಒಂದು ಗಿಡ್ಡ ಫ್ರಾಕು ಆ ಕಲಮಿನೊಳಗೆ ಬೀಳುವುದಿಲ್ಲ, ಬೀಳಲೂ ಬಾರದು. ಬೆತ್ತಲೆ ಚಿತ್ರವೂ ಬೆತ್ತಲೆ ಎಂಬ ಮಾತ್ರಕ್ಕೆ ಅಶ್ಲೀಲವಲ್ಲ, ಸಂದರ್ಭ ನೋಡಬೇಕು ಎಂದು ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ. ಊರಿನ ನಾಲ್ಕು ತರುಣರು ಸೇರಿ ಅಂಗಡಿಗೆ ನುಗ್ಗಿ ಬಟ್ಟೆ ಪರೀಕ್ಷೆ ಮಾಡುವ ಚಾಳಿಯಂತೂ ನಮಗೆ ಬೇಡವೇ ಬೇಡ.

ಇನ್ನೂ ಮುಖ್ಯವಾದ ಮಾತೊಂದಿದೆ. ಮಗುವಿನ ಮೇಲೆ ಕೆಟ್ಟ ಕಣ್ಣು ಬಿದ್ದರೆ ತಪ್ಪು ಕಣ್ಣಿನದು, ಅಂಗಿಯದ್ದಲ್ಲ. 2012ರ ಪೋಕ್ಸೊ ಕಾಯ್ದೆಯಲ್ಲಿ ಮಗು ಏನು ತೊಟ್ಟಿತ್ತು ಎಂಬುದು ಆರೋಪಿಗೆ ರಿಯಾಯಿತಿ ಕೊಡುವ ಕಾರಣವಲ್ಲ. ಉದ್ದ ಲಂಗ ತೊಟ್ಟ ಮಕ್ಕಳಿಗೂ ಕೇಡು ಮಾಡಿದವರಿದ್ದಾರೆ. ಇದನ್ನು ಮರೆತು ಬಟ್ಟೆಯ ಚರ್ಚೆ ಮಾಡಿದರೆ ನಾವು ಕಳ್ಳನನ್ನು ಬಿಟ್ಟು ಮನೆಯ ಬಾಗಿಲನ್ನು ಜೈಲಿಗೆ ಹಾಕಿದಂತೆ.

ನಮ್ಮ ತೀರ್ಪು

ಹಾಗಾದರೆ ಹೊಣೆ ಯಾರದು? ಎದುರಿಗೆ ಇಡುವ ಹೊಣೆ ಅಂಗಡಿಯದು, ಎತ್ತಿಕೊಳ್ಳುವ ಹೊಣೆ ಮನೆಯದು. ಕೊನೆಯ ಮಾತು ಕಾಸು ಹಿಡಿದ ಕೈಯದ್ದಾದ್ದರಿಂದ ಮನೆಯ ಪಾಲು ಒಂದು ತೂಕ ಹೆಚ್ಚೇ. ಮಗುವಿನ ಪಾಲು ಸೊನ್ನೆ.

ಅಂಗಡಿಯವರೇ, ಬಂಡಲು ಬಿಚ್ಚುವಾಗ ಎದೆಯ ಮೇಲಿನ ಬರಹವನ್ನು ಓದಬಲ್ಲವರಿಂದ ಒಮ್ಮೆ ಓದಿಸಿ. ಕೆಟ್ಟದಿದ್ದರೆ ಸಗಟಿನವನಿಗೆ ತಿರುಗಿ ಕಳಿಸಿ. ಹತ್ತಿಯ ಮಾಲನ್ನು ಎದುರಿಗೆ ಇಡಿ. ಚೀಟಿ ಕೀಳದೆ ತಂದ ಮಕ್ಕಳ ಬಟ್ಟೆಯನ್ನು ನಾಲ್ಕು ದಿನದೊಳಗೆ ಬದಲಾಯಿಸಿ ಕೊಡಿ. ಅಂಥ ಅಂಗಡಿಗೆ ಗಿರಾಕಿ ಹೆಚ್ಚುತ್ತಾರೆಯೇ ಹೊರತು ಕಡಿಮೆಯಾಗುವುದಿಲ್ಲ.

ತಂದೆ ತಾಯಿಗಳೇ, ಹಬ್ಬದ ವಾರದ ಮೊದಲೇ ಪೇಟೆಗೆ ಹೋಗಿ. ಬಟ್ಟೆಯ ಒಳಮೈ ಮುಟ್ಟಿ ನೋಡಿ. ತೊಡಿಸಿದ ಮೇಲೆ ಮಗುವನ್ನು ಒಮ್ಮೆ ಕೂರಿಸಿ, ಓಡಿಸಿ, ಕೈ ಎತ್ತಿಸಿ. ಬೇಡವಾದರೆ ಯಾಕೆ ಬೇಡವೆಂದು ಅಂಗಡಿಯವರಿಗೆ ಬಾಯಿ ಬಿಟ್ಟು ಹೇಳಿ. ಶಾಲೆಯವರು ವಾರ್ಷಿಕೋತ್ಸವದ ಉಡುಪನ್ನು ಹದಿನೈದು ದಿನ ಮೊದಲು ಪೋಷಕರಿಗೆ ತೋರಿಸಲಿ.

ಉಳಿದ ನಮ್ಮೆಲ್ಲರಿಗೂ ಒಂದು ಮಾತು. ತೇರಿನ ಬೀದಿಯಲ್ಲಿ ಒಪ್ಪದ ಅಂಗಿ ಕಂಡರೆ ಮಗುವಿನ ಮುಖ ನೋಡಿ ನಗಬೇಡಿ, ಗದರಬೇಡಿ. ಹೇಳುವುದಿದ್ದರೆ ದೊಡ್ಡವರನ್ನು ಬದಿಗೆ ಕರೆದು ಮೆಲ್ಲಗೆ ಹೇಳಿ. ಸಾಲಿಗ್ರಾಮದ ಪಕ್ಕದ ಕೋಟದಲ್ಲೇ ಹಲವು ಮಕ್ಕಳ ತಾಯಿ ಎಂದು ಹೆಸರಾದ ಅಮೃತೇಶ್ವರಿ ಇದ್ದಾಳೆ. ಅಂಥ ಸೀಮೆಯಲ್ಲಿ ಹೊಸ ಅಂಗಿ ತೊಟ್ಟು ಹಬ್ಬಕ್ಕೆ ಬಂದ ಮಗು ಅಳುತ್ತಾ ಮನೆಗೆ ಹೋಗುವಂತಾಗಬಾರದು. ಅಂಗಡಿಯವರು, ಹೆತ್ತವರು ಇನ್ನಾದರೂ ಇದನ್ನು ಗಮನಿಸುವರೇ?