ಹೊಸ ಆವೃತ್ತಿ ಬೇಕು, ಆತುರ ಬೇಡ

ಕೋಲಾರದ ಟೊಮೆಟೊ ಮಂಡಿಯಿಂದ ಮಾಲೂರಿನ ಕೈಗಾರಿಕಾ ಪ್ರದೇಶದವರೆಗೆ ಕೆಂಪು ರಟ್ಟಿನ ಖಾತೆ ಪುಸ್ತಕದ ಸ್ಥಾನವನ್ನು ಗಣಕಯಂತ್ರವು ಆಕ್ರಮಿಸಿ ವರ್ಷಗಳೇ ಸಂದಿವೆ. ನಮ್ಮಲ್ಲಿ ಅನೇಕರು ಬಳಸುವ ಟ್ಯಾಲಿ ತಂತ್ರಾಂಶವು 2009ರಲ್ಲಿ ಇಆರ್‌ಪಿ 9 ಆಗಿ, 2020ರಲ್ಲಿ ಪ್ರೈಮ್ ಆಗಿ ರೂಪ ಬದಲಿಸಿತು. ಪ್ರತಿ ಬದಲಾವಣೆಯಲ್ಲೂ ವರ್ತಕರ ಮುಂದಿರುವ ಪ್ರಶ್ನೆ ಒಂದೇ: ಈಗಲೇ ಬದಲಾಯಿಸಬೇಕೆ?

ಬದಲಾಗದೆ ಇರುವುದು ಜಾಣತನವಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಹಳೆಯ ಆವೃತ್ತಿಗಳು ಕೈಕೊಟ್ಟವು. ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯೂ ದಾಖಲಾಗಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಆದರೆ ಅಪಾಯವಿರುವುದು ಆತುರದಲ್ಲಿ. ಹೊಸ ಆವೃತ್ತಿಗೆ ಪರಿವರ್ತಿಸಿದ ದತ್ತಾಂಶವನ್ನು ಸಾಮಾನ್ಯವಾಗಿ ಹಳೆಯದರಲ್ಲಿ ತೆರೆಯಲಾಗದು. ಕಮಿಷನ್, ಹಮಾಲಿ, ಲಾರಿ ಬಾಡಿಗೆಗಳಿಗೆಂದು ಪ್ರತ್ಯೇಕವಾಗಿ ಬರೆಯಿಸಿಕೊಂಡ ಜೋಡಣೆಗಳು ನಿಂತುಹೋಗಬಹುದು. ನಮ್ಮ ಕಚೇರಿಯಲ್ಲಿಯೇ ಮಾರ್ಚ್ ಕೊನೆಯ ವಾರ ಇಂತಹ ಸಾಹಸಕ್ಕೆ ಕೈಹಾಕಿ, ಮೂರು ದಿನ ಕೈಬರಹದ ಬಿಲ್ಲು ಕೊಟ್ಟೆವು. ತಪ್ಪು ನಮ್ಮದೇ, ಪ್ರತಿ ತೆಗೆದಿರಲಿಲ್ಲ.

ದೊಡ್ಡವರೂ ಇದಕ್ಕೆ ಹೊರತಲ್ಲ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ಹೊಸ ವ್ಯವಸ್ಥೆಗೆ ಬದಲಾದಾಗ ಲಕ್ಷಾಂತರ ಗ್ರಾಹಕರು ತಮ್ಮ ಖಾತೆಗಳನ್ನೇ ಕಾಣದಾದರು. 2021ರ ಜೂನ್ 7ರಂದು ಆರಂಭವಾದ ಆದಾಯ ತೆರಿಗೆಯ ಹೊಸ ಜಾಲತಾಣದ ತೊಡಕುಗಳನ್ನು ನಾವೆಲ್ಲರೂ ಅನುಭವಿಸಿದ್ದೇವೆ.

ಆದುದರಿಂದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಮೊದಲು ದತ್ತಾಂಶದ ಎರಡು ಪ್ರತಿಗಳನ್ನು ತೆಗೆದು, ಒಂದನ್ನು ಅಂಗಡಿಯ ಹೊರಗೆ ಇರಿಸಿರಿ. ಹೊಸ ಆವೃತ್ತಿಯನ್ನು ಬೇರೊಂದು ಪ್ರತಿಯ ಮೇಲೆ, ಬೇರೆ ಯಂತ್ರದಲ್ಲಿ ಪರೀಕ್ಷಿಸಿರಿ. ತಾಳೆಪಟ್ಟಿ, ದಾಸ್ತಾನು, ಬಾಕಿದಾರರ ಪಟ್ಟಿ ಇವು ಪೈಸೆಯವರೆಗೆ ಹೊಂದುತ್ತವೆಯೇ ನೋಡಿರಿ. ಒಂದು ವಾರ ಹಳೆಯದನ್ನೂ ಜೊತೆಯಲ್ಲಿ ನಡೆಸಿರಿ. ಮಾರ್ಚ್ ತಿಂಗಳು ಬೇಡ. ಶ್ರೀನಿವಾಸಪುರ, ಮುಳಬಾಗಿಲಿನ ಮಾವಿನ ವರ್ತಕರಿಗೆ ಸುಗ್ಗಿಯೂ ಬೇಡ. ಬದಲಾವಣೆಯ ನಂತರವೂ ಹಳೆಯ ಪ್ರತಿಯನ್ನು ಅಳಿಸಬೇಡಿರಿ: ಜಿಎಸ್‌ಟಿ ಕಾಯಿದೆಯಂತೆ ವಾರ್ಷಿಕ ವಿವರ ಸಲ್ಲಿಕೆಯ ಗಡುವಿನಿಂದ 72 ತಿಂಗಳ ಕಾಲ ಲೆಕ್ಕಪತ್ರ ಕಾಪಾಡುವುದು ನಮ್ಮ ಹೊಣೆ.

ನಮ್ಮ ಸಂಸ್ಥೆಯೂ ನಾಲ್ಕು ತಾಲ್ಲೂಕುಗಳಲ್ಲಿ ಒಂದೊಂದು ದಿನದ ತರಬೇತಿ ಏರ್ಪಡಿಸಿದರೆ, ಲೆಕ್ಕಿಗರನ್ನು ಇರಿಸಿಕೊಳ್ಳಲಾರದ ಸಣ್ಣ ಅಂಗಡಿಗಳಿಗೆ ಮಹದುಪಕಾರವಾದೀತು.

ಹೊಸ ಎತ್ತನ್ನು ಕೊಂಡ ರೈತ ಅದನ್ನು ಮೊದಲ ದಿನವೇ ತುಂಬಿದ ಗಾಡಿಗೆ ಕಟ್ಟುವುದಿಲ್ಲ. ವ್ಯಾಪಾರಿಗೂ ಅದೇ ವಿವೇಕ ಸಾಕು.