ಪ್ರೀತಿ ನಿಮ್ಮದು, ಬೆಳಗಿನ ಪಾಳಿ ನನ್ನದು

ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನಲ್ಲಿ, ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುವ ಬೀದಿಯಲ್ಲಿ ನಮ್ಮ ಮನೆ. ಮನೆಯಲ್ಲೊಂದು ಲ್ಯಾಬ್ರಡಾರ್, ಹೆಸರು ಚಾರ್ಲಿ. ನಾನು ಬೇಡ ಅಂದಿದ್ದೆ. ಬೇಡ ಅಂದವನೇ ಈಗ ಅದರ ಯಜಮಾನ. ಯುಗಾದಿಗೆ ನಮ್ಮೂರು ಮದ್ದೂರಿಗೆ ಹೋದಾಗ, ಪ್ರೀತಿಯಿಲ್ಲದೆ ನಾಯಿ ಸಾಕುವ ಈ ವಿಷಯಕ್ಕೆ ನೆಂಟರೆಲ್ಲ ಸೇರಿ ನನ್ನನ್ನು ತರಾಟೆಗೆ ತೆಗೆದುಕೊಂಡರು. ಒಬ್ಬಟ್ಟಿನ ಎಲೆ ಮುಂದೆ ಜಗಳ ಯಾಕೆ ಅಂತ ಸುಮ್ಮನಿದ್ದೆ. ಸುಮ್ಮನಿದ್ದವನು ಸೋತ ಅಂತ ಫ್ಯಾಮಿಲಿ ಗ್ರೂಪಿನಲ್ಲಿ ತೀರ್ಮಾನವಾಗಿದೆಯಂತೆ. ಹಾಗಾಗಿ ಒಬ್ಬೊಬ್ಬರಿಗೂ ಉತ್ತರ.

ಮೊದಲು ಅತ್ತಿಗೆ. ‘ಪ್ರೀತಿ ಇಲ್ದೋರು ಪ್ರಾಣಿ ಸಾಕಬಾರ್ದು’ ಅಂದಿರಿ. ಎಲ್ಲರೂ ತಲೆದೂಗಿದರು. ನನ್ನ ಪ್ರಶ್ನೆ ಇಷ್ಟೇ: ಯಾಕೆ? 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ಓದಿ ನೋಡಿ. ಸಾಕಿದವನು ಹೊಟ್ಟೆಗೆ ಹಾಕಬೇಕು, ನೀರಿಡಬೇಕು, ನೆರಳು ಕೊಡಬೇಕು, ಗಿಡ್ಡ ಚೈನಿನಲ್ಲಿ ಹೊತ್ತುಗಟ್ಟಲೆ ಬಿಗಿದಿಡಬಾರದು, ಸದಾ ಕಟ್ಟಿಹಾಕುವ ನಾಯಿಯಾದರೆ ಓಡಾಡಿಸಬೇಕು. ಇಷ್ಟರಲ್ಲಿ ಯಾವುದು ತಪ್ಪಿದರೂ ಅದು ಕ್ರೌರ್ಯ. ಮುದ್ದು ಮಾಡದಿರುವುದು ಆ ಪಟ್ಟಿಯಲ್ಲಿಲ್ಲ. ಕಾಯ್ದೆ ಬರೆದವರಿಗೆ ನಾಯಿಗೆ ಏನು ಬೇಕು ಅಂತ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ.

ಇದು ವಕೀಲಿ ಮಾತು ಅನ್ನುವುದಾದರೆ ನಮ್ಮ ಹಿತ್ತಲಿಗೆ ಬನ್ನಿ. ಲ್ಯಾಬ್ರಡಾರ್‌ನ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಲ್ಲಿ, ಮಂಜುಗಡ್ಡೆಯಂಥ ನೀರಿನಲ್ಲಿ ಬೆಸ್ತರ ಬಲೆ ಎಳೆಯುತ್ತಿದ್ದ ನಾಯಿಗಳು. ಅದಕ್ಕೇ ಮೈಮೇಲೆ ಎರಡು ಪದರ ಕೂದಲು. ಅಂಥದನ್ನು ತಂದು ಕೃಷ್ಣಾ ದಂಡೆಯ ಈ ಕುಲುಮೆಯಲ್ಲಿ ಬಿಟ್ಟಿದ್ದೇವೆ. ರೋಹಿಣಿ ಕಾರ್ತೆಯಲ್ಲಿ ಒರಳುಕಲ್ಲೂ ಬಿರಿಯುತ್ತದೆ ಅಂತ ಇಲ್ಲಿನವರ ಮಾತು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ; ಬೆವರುವುದು ಪಾದದಲ್ಲಿ ಮಾತ್ರ, ಮಿಕ್ಕ ಸೆಕೆಯನ್ನೆಲ್ಲ ನಾಲಿಗೆ ಚಾಚಿ ತೇಕಿಯೇ ಕಳೆಯಬೇಕು. ಹೊತ್ತು ಏರಿದ ಮೇಲೆ ಟಾರು ರಸ್ತೆಗೆ ಇಳಿಸಿದರೆ ಅಂಗಾಲು ಬೊಬ್ಬೆ ಬರುತ್ತದೆ. ಅದಕ್ಕೇ ನಾನು ಸೂರ್ಯ ಹುಟ್ಟುವ ಮುಂಚೆ ಎದ್ದು ಓಡಾಡಿಸುತ್ತೇನೆ. ಪ್ರೀತಿಸುವವರೆಲ್ಲ ಆ ಹೊತ್ತಿನಲ್ಲಿ ಮಲಗಿರುತ್ತಾರೆ.

ಬಂದ ಮೇಲೆ ಉಣುಗು ಹುಡುಕುವ ಕೆಲಸ. ಕಿವಿಯ ಒಳಮಡಿಕೆ, ಕುತ್ತಿಗೆ ಪಟ್ಟಿಯ ಕೆಳಗೆ, ಮುಖ್ಯವಾಗಿ ಕಾಲ್ಬೆರಳುಗಳ ಸಂದಿ. ರಕ್ತ ಹೀರಿ ಊದಿಕೊಂಡಿದ್ದು ಬೂದು ಬಣ್ಣದ ಹರಳುಬೀಜದ ಹಾಗೆ ಕೂತಿರುತ್ತದೆ. ಅದನ್ನು ಉಗುರಿನಲ್ಲಿ ಹಿಸುಕಬಾರದು. ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು, ನೆಟ್ಟಗೆ ಎಳೆದು, ಸ್ಪಿರಿಟ್ ಸೀಸೆಯೊಳಗೆ ಹಾಕಬೇಕು. ಒಂದು ಹೆಣ್ಣು ಉಣುಗು ಗೋಡೆ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ, ಹಾಗಾಗಿ ನಾಯಿಗೆ ಮಾತ್ರ ಔಷಧಿ ಹಾಕಿದರೆ ಸಾಲದು, ಗೋಡೆಗೂ ಹಾಕಬೇಕು. ಹೋದ ಮಳೆಗಾಲದಲ್ಲಿ ಚಾರ್ಲಿ ಮಂಕಾದಾಗ ಎಲ್ಲರೂ ‘ಅಯ್ಯೋ ಕಂದಾ’ ಅಂತ ತಬ್ಬಿಕೊಂಡರು. ತುಟಿ ಎತ್ತಿ ಒಸಡು ಬಿಳಿಚಿಕೊಂಡಿದೆ ಅಂತ ನೋಡಿದವನು ನಾನು. ಉಣುಗಿನ ಜ್ವರ, ಪ್ಲೇಟ್‌ಲೆಟ್ ಕುಸಿದಿತ್ತು. ಡಾಕ್ಟರು ಬರೆದುಕೊಟ್ಟ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ವಾರಗಟ್ಟಲೆ, ಒಂದು ಹೊತ್ತೂ ತಪ್ಪದೆ, ಇಡ್ಲಿಯೊಳಗೆ ಹುದುಗಿಸಿ ಕೊಡಬೇಕಾಯಿತು. ಅತ್ತಿಗೆ, ದಸರಾದಲ್ಲಿ ಕನಕದುರ್ಗಮ್ಮನ ದರ್ಶನಕ್ಕೆ ಬಂದಿದ್ದಾಗ ತಾವು ಪ್ರೀತಿಯಿಂದ ಅದಕ್ಕೆ ನೆಕ್ಕಿಸಿದ ಶ್ಯಾವಿಗೆ ಪಾಯಸದಲ್ಲಿ ಒಣದ್ರಾಕ್ಷಿ ಇತ್ತು. ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಅವತ್ತು ತಟ್ಟೆ ಕಿತ್ತುಕೊಂಡಿದ್ದಕ್ಕೆ ನನಗೆ ‘ಕಲ್ಲುಮನಸ್ಸಿನವನು’ ಅಂತ ಬಿರುದು ಸಿಕ್ಕಿತು.

ಎರಡನೆಯದು ಮಗಳ ವಾದ. ‘ಅಪ್ಪಾ, ನೀನೂ ಒಂದಿನ ಧರ್ಮನ ಥರ ಬದಲಾಗ್ತೀಯ.’ 2022ರಲ್ಲಿ ಕಿರಣ್‌ರಾಜ್ ನಿರ್ದೇಶಿಸಿ ರಕ್ಷಿತ್ ಶೆಟ್ಟಿ, ನಾಯಿಯನ್ನು ಹಚ್ಚಿಕೊಂಡು ಬದಲಾಗುವ ಧರ್ಮನಾಗಿ ನಟಿಸಿದ ‘777 ಚಾರ್ಲಿ’ ನೋಡಿ ಬಂದ ಮೇಲೆಯೇ ನಮ್ಮ ಮನೆಯಲ್ಲಿ ಹಟ ಶುರುವಾಗಿದ್ದು. ನಾಯಿಗೆ ಹೆಸರು ಬಂದಿದ್ದೂ ಅಲ್ಲಿಂದಲೇ. ಸಿನಿಮಾ ನಾನೂ ನೋಡಿದ್ದೇನೆ, ಕರವಸ್ತ್ರವನ್ನೂ ತೆಗೆದಿದ್ದೇನೆ, ಅದೇನು ಗುಟ್ಟಲ್ಲ. ಆದರೆ ಮಗಳೇ, ಆ ಸಿನಿಮಾದಲ್ಲಿ ಚಾರ್ಲಿಗೆ ಕ್ಯಾನ್ಸರ್ ಬಂದಿದ್ದು ಯಾಕೆ? ದುಡ್ಡಿನಾಸೆಗೆ ಹತ್ತಿರದ ರಕ್ತದಲ್ಲೇ ಮರಿ ಹಾಕಿಸುವವನಿಂದ. ನಾವು ಮರಿ ತಂದಾಗ ಅದರ ತಾಯಿಯನ್ನು ತೋರಿಸಿ ಅಂತ ಕೇಳಿದವನು ನಾನೊಬ್ಬನೇ. ನೀವೆಲ್ಲ ಕಾರಿನಲ್ಲಿ ಹೆಸರು ಇಡುತ್ತಾ ಕೂತಿದ್ದಿರಿ. ಸಾಕ್ಷಿ ಅಂತ ನೀನು ಕರೆತಂದ ಸಿನಿಮಾ ನನ್ನ ಕಡೆಯೇ ಸಾಕ್ಷಿ ಹೇಳುತ್ತಿದೆ. ಇನ್ನು ಬದಲಾಗುವ ಮಾತು: ಬದಲಾಗದಿದ್ದರೆ ಚಾರ್ಲಿಗೆ ಏನು ಕಮ್ಮಿಯಾಗಿದೆ, ಹೇಳು.

‘ನಾಯಿ ಇದ್ರೆ ಮಕ್ಕಳಿಗೆ ಜವಾಬ್ದಾರಿ ಬರುತ್ತೆ’ ಅಂದವರು ನಮ್ಮ ತಂಗಿ. ಬರುತ್ತಿತ್ತೋ ಏನೋ, ಅಷ್ಟರಲ್ಲಿ ಮಗಳಿಗೆ ಬೆಂಗಳೂರಿನಲ್ಲಿ ಕಾಲೇಜು ಸೀಟು ಬಂತು. ಮಗನಿಗೆ ಟ್ಯೂಷನ್ ಬಂತು. ‘ಕಳ್ಳರ ಭಯ ಇರಲ್ಲ’ ಅಂದವರು ನಮ್ಮ ಷಡ್ಡಕರು. ಸಿಲಿಂಡರ್ ತರುವ ಹುಡುಗನಿಂದ ಹಿಡಿದು ದಾರಿ ಕೇಳಲು ನಿಂತ ಅಪರಿಚಿತನವರೆಗೆ ಎಲ್ಲರಿಗೂ ಬಾಲ ಅಲ್ಲಾಡಿಸಿ, ಚಪ್ಪಲಿಯೊಂದನ್ನು ಕಚ್ಚಿ ತಂದು ಕಾಣಿಕೆ ಕೊಡುವ ಪ್ರಾಣಿ ಇದು. ಈ ಎರಡು ವಾದಕ್ಕೂ ಇದಕ್ಕಿಂತ ಹೆಚ್ಚು ಉತ್ತರ ಬೇಕಿಲ್ಲ.

ಅಣ್ಣನದು ಬೇರೆಯೇ ಕಡೆಯ ಏಟು. ‘ನಮ್ಮ ವಂಶದಾಗೆ ಯಾರ್ಲಾ ನಾಯ್ನ ಒಳೀಕೆ ಬಿಟ್ಕಂಡಿದ್ರು? ಸಂಪ್ರದಾಯ ಅನ್ನೋದು ಬ್ಯಾಡ್ವಾ?’ ಅಣ್ಣಾ, ಸಂಪ್ರದಾಯ ಅಂದೆಯಲ್ಲ, ನಮ್ಮ ಮದ್ದೂರು ಸೀಮೆಯ ಆತಕೂರಿಗೇ ಹೋಗೋಣ. ಶಕ 872, ಅಂದರೆ ಕ್ರಿ.ಶ. 949–50ರ ಶಾಸನ. ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಗಂಗರ ಬೂತುಗ ತಕ್ಕೋಲದಲ್ಲಿ ಚೋಳರ ವಿರುದ್ಧ ಕಾದಾಡಿದ. ಅವನ ಭಂಟ ಮಣಲೇರನ ಶೌರ್ಯಕ್ಕೆ ಮೆಚ್ಚಿ ‘ಬೇಡಿಕೋ’ ಅಂದಾಗ ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗೆ ಕಲ್ಲು ನೆಡಿಸಿ, ಭೂಮಿ ಬಿಟ್ಟ. ನಾಯಿ ಹಂದಿ ಸೆಣಸುವ ಚಿತ್ರ ಕೆತ್ತಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ನೋಡಿ ಬಾ.

ಆ ಶಾಸನದಲ್ಲಿ ನನಗೆ ಹಿಡಿಸಿದ್ದು ಯುದ್ಧವೂ ಅಲ್ಲ, ಹಂದಿಯೂ ಅಲ್ಲ. ಕಲ್ಲನ್ನು ಪೂಜಿಸಬೇಕಾದ ಗೊರವ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಅಂತ ಒಂದು ಕಟ್ಟಳೆ ಇದೆ. ಕಾಳಿ ಅವನ ನಾಯಿಯಲ್ಲ. ಅವನ ನಂತರ ಬಂದ ಗೊರವರಂತೂ ಅದನ್ನು ಕಂಡವರೇ ಅಲ್ಲ. ಅವರ ಮನಸ್ಸಿನಲ್ಲಿ ಕಾಳಿಯ ಮೇಲೆ ಮಮತೆ ಇದೆಯೋ ಇಲ್ಲವೋ ಅಂತ ಮಣಲೇರ ಕೇಳಲಿಲ್ಲ. ಮೊದಲು ಅದರ ಕೆಲಸ, ಆಮೇಲೆ ನಿನ್ನ ಊಟ, ಅಷ್ಟೇ ಕೇಳಿದ. ನಾಯಿಯನ್ನು ಅಷ್ಟೊಂದು ಪ್ರೀತಿಸಿದವನೇ ತನ್ನ ಪ್ರೀತಿಯನ್ನು ನೆಚ್ಚಿಕೊಳ್ಳದೆ, ಇನ್ನೊಬ್ಬರ ದಿನಚರಿಯನ್ನು ನೆಚ್ಚಿಕೊಂಡ. ನಾನು ಇಬ್ರಾಹಿಂಪಟ್ನಂನ ಗೊರವ, ಅಣ್ಣ. ಚಾರ್ಲಿಯ ತಟ್ಟೆ ತುಂಬಿದ ಮೇಲೇ ನನ್ನ ತಿಂಡಿ.

ಭಾವನವರು ಮಾತ್ರ ನನ್ನ ಪರ ವಹಿಸಿದರು, ಅದು ಎಲ್ಲಕ್ಕಿಂತ ಅಪಾಯ. ‘ಇಷ್ಟ ಇಲ್ಲ ಅಂದ್ಮೇಲೆ ಹೈವೇ ಪಕ್ಕ ಯಾವ್ದಾದ್ರೂ ಢಾಬಾ ಹತ್ರ ಬಿಟ್ಬಿಡಿ, ಹೆಂಗೋ ಬದುಕ್ಕೊಳ್ಳುತ್ತೆ.’ ನಮ್ಮ ಊರಿನ ಮೇಲೆ ಹಾದು ಹೋಗುವುದು ಹೈದರಾಬಾದ್–ವಿಜಯವಾಡ ಹೆದ್ದಾರಿ, ಭಾವ. ಸೋಫಾದ ಮೇಲೆ ಬೆಳೆದ ನಾಯಿ ಅಲ್ಲಿ ಒಂದು ರಾತ್ರಿ ಉಳಿಯುವುದೂ ಕಷ್ಟ. ಉಳಿದರೂ ಬೀದಿಯ ಲೆಕ್ಕಕ್ಕೆ ಒಂದು ಸೇರಿತು. 2025ರ ಆಗಸ್ಟ್‌ನಲ್ಲಿ ಬೀದಿನಾಯಿಗಳ ವಿಚಾರವಾಗಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟು, ಎರಡೇ ವಾರದಲ್ಲಿ ಅದನ್ನು ತಿದ್ದಿದಾಗ ಟೀವಿಯಲ್ಲಿ ಎಲ್ಲರೂ ನಗರಪಾಲಿಕೆಯನ್ನು ಬೈದರು. ಮನೆಯಿಂದ ಹೊರಗೆ ಬಿಟ್ಟವರನ್ನು ಬೈದವರು ಕಮ್ಮಿ. ಸಾಕಿದ ಪ್ರಾಣಿಯನ್ನು ಕಾರಣವಿಲ್ಲದೆ ತೊರೆದರೆ 1960ರ ಆ ಕಾಯ್ದೆ ಮೊದಲ ಸಲಕ್ಕೆ ಹಾಕುವ ದಂಡ 10ರಿಂದ 50 ರೂಪಾಯಿ. ಒಂದು ಪ್ಲೇಟ್ ದೋಸೆಗೂ ಸಾಲದ ದುಡ್ಡು. ಕಾನೂನು ಇಷ್ಟು ಅಗ್ಗವಾಗಿ ಬಿಟ್ಟಿರುವಾಗ, ಬಿಡಬಾರದು ಅನ್ನುವುದನ್ನು ನಾವೇ ಹಟವಾಗಿ ಹಿಡಿಯಬೇಕು.

ಒಬ್ಬರಿಗೆ ಮಾತ್ರ ನಾನು ಎದುರು ಮಾತಾಡುವುದಿಲ್ಲ: ಎದುರುಮನೆಯ ಅಮ್ಮನವರು. ‘ಏವಂಡಿ, ನಿಮ್ಮ ನಾಯಿ ಏನೂ ಮಾಡಲ್ಲ ಅಂತ ಅದು ನಿಮಗೆ ಬರೆದುಕೊಟ್ಟಿದೆಯಾ?’ ಅಂತ ಅವರು ಕೇಳಿದ್ದನ್ನು ಊರಲ್ಲಿ ಹೇಳಿದಾಗ ನೀವೆಲ್ಲ ನಕ್ಕಿರಿ. ಅವರು ಹೇಳಿದ್ದು ಸರಿ. ಅವರ ಕಾಲದಲ್ಲಿ ಹುಚ್ಚುನಾಯಿ ಕಚ್ಚಿದರೆ ಹೊಟ್ಟೆಯ ಸುತ್ತ ಚುಚ್ಚುತ್ತಿದ್ದ ಸೂಜಿಗಳನ್ನು ಅವರು ಮರೆತಿಲ್ಲ. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಸೆಂಪಲ್ ಲಸಿಕೆಯ ತಯಾರಿ ನಮ್ಮ ದೇಶದಲ್ಲಿ ನಿಂತಿದ್ದು 2004ರ ಕೊನೆಗೆ. ಈಗ ತೋಳಿಗೆ ಹಾಕುವ ಸೂಜಿ ಬಂದಿದೆ ನಿಜ, ಆದರೆ ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಇವತ್ತಿಗೂ ಸಾವೇ. ಆದ್ದರಿಂದ ವರ್ಷವರ್ಷ ತಪ್ಪದೆ ಹಾಕಿಸಿದ ಲಸಿಕೆಯ ಚೀಟಿಯನ್ನು ಅವರಿಗೆ ತೋರಿಸಿದೆ. ಅವರ ಗೇಟು ದಾಟುವವರೆಗೆ ಚೈನು ಮೊಟಕು ಮಾಡಿ ಹಿಡಿಯುತ್ತೇನೆ, ಗಲೀಜು ಎತ್ತಲು ಹಳೇ ಪೇಪರು ಜೇಬಿನಲ್ಲಿರುತ್ತದೆ. ಇದೆಲ್ಲ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ನಿನಲ್ಲಿ, ಸಾಕುಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಆರು ತಿಂಗಳವರೆಗೆ ಸಜೆ ಇದೆ ಅನ್ನುವುದಕ್ಕಲ್ಲ. ಅವರ ಮೊಮ್ಮಗಳು ಅದೇ ಗೇಟಿನಲ್ಲಿ ಸ್ಕೂಲ್ ಆಟೋ ಕಾಯುತ್ತಾಳೆ, ಅದಕ್ಕೆ.

ನಿನ್ನೆ ಗ್ರೂಪಿನಲ್ಲಿ ಅತ್ತಿಗೆ ಒಂದು ಬೀಗಲ್ ಮರಿಯ ಫೋಟೊ ಹಾಕಿ, ‘ಚಾರ್ಲಿಗೆ ಜೊತೆ’ ಅಂತ ಬರೆದಿದ್ದಾರೆ. ಕೆಳಗೆ ಹೃದಯದ ಗುರುತುಗಳ ಸಾಲು. ಮೇ ತಿಂಗಳಲ್ಲಿ ಕರೆಂಟು ಹೋದಾಗ ನೆಲಕ್ಕೆ ಒದ್ದೆ ಗೋಣಿ ಹಾಸುವವರು ಯಾರು, ನೀವೆಲ್ಲ ಮದುವೆಗೆ ಹೊರಟಾಗ ಮನೆಯಲ್ಲಿ ಉಳಿಯುವವರು ಯಾರು, ಸಂತಾನಹರಣದ ಆಪರೇಷನ್ ಮಾಡಿಸಿ ಹತ್ತು ದಿನ ಹೊಲಿಗೆ ನೆಕ್ಕದಂತೆ ಕಾಯುವವರು ಯಾರು ಅಂತ ನಾನು ಕೇಳಿದೆ. ಹೃದಯ ಒತ್ತಿದವರು ಒಬ್ಬೊಬ್ಬರಾಗಿ ತಮ್ಮ ಹೆಸರು ಬರೆಯಲಿ. ಬೆಳಗಿನ ಪಾಳಿಗೆ ನನ್ನದನ್ನು ಆಗಲೇ ಹಾಕಿದ್ದೇನೆ, ಆದರೆ ಚಾರ್ಲಿ ಒಂದಕ್ಕೆ ಮಾತ್ರ.